ಬಾಟಲಿಯೊಳಗಿನ ಬಳ್ಳಿ

ಬುಧವಾರ ಬೆಳಿಗ್ಗೆ ಕಾಲೇಜಿನಲ್ಲಿ ಬಾಟಲಿಗಳೊಳಗೆ ಗಿಡ ಬೆಳೆಸುವ ಕಲ್ಚರ್ ರೂಮಿನ ಬಾಗಿಲು ತೆಗೆದು ಒಳಗೆ ಹೋದ ಬಾಟಲಿ ಅಕ್ಕ ಮೂರನೇ ಶೆಲ್ಫಿನ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. ಶನಿವಾರ ತಾನೇ ಕತ್ತರಿಸಿ ನೆಟ್ಟಿದ್ದ ಇಪ್ಪತ್ತೆರಡು ಬಾಟಲಿಗಳಲ್ಲೂ ಬೂಷ್ಟು ಬಂದಿತ್ತು. ಕೆಲವುಗಳಲ್ಲಿ ಹತ್ತಿಯ ಎಳೆಯಷ್ಟು, ಕೆಲವುಗಳಲ್ಲಿ ಕಾಳಿನ ಗಾತ್ರದ ಬೂದು ಚುಕ್ಕೆ. ಒಂದೊಂದನ್ನೂ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ತಳ ನೋಡಿದಳು. ಒಂದಾದರೂ ಉಳಿದಿರಬಹುದೆಂದು ಮತ್ತೆ ಮೊದಲಿನಿಂದ ನೋಡಿದಳು. ಉಳಿದಿರಲಿಲ್ಲ.

ಬಾಟಲಿಗಳಲ್ಲಿದ್ದದ್ದು ಒಂದು ಬೆರಳುದ್ದದ ಬಳ್ಳಿ, ಬಂಡೆಯ ಸಂದಿಯಲ್ಲಿ ಬೆಳೆಯುವಂಥದ್ದು. ಹನ್ನೊಂದು ವರ್ಷದ ಹಿಂದೆ ಸಸ್ಯಶಾಸ್ತ್ರದ ಮೇಡಂ ಅದರ ಒಂದು ಗೆಣ್ಣು ತಂದಿದ್ದರು. ಆ ಬಂಡೆ ಈಗ ಜಲ್ಲಿಯಾಗಿ ಯಾವ ಯಾವ ರಸ್ತೆಗೋ ಬಿದ್ದಿದೆ. ಬೇರೆ ಕಡೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಬಾಟಲಿಯಿಂದ ತೆಗೆದು ಮಣ್ಣಿಗೆ ಹಾಕಿದ್ದೆಲ್ಲ ಮೂರು ವಾರದೊಳಗೆ ಬಾಡಿತು. ಹಾಗಾಗಿ ಆ ಬಳ್ಳಿಗೆ ಇದ್ದದ್ದು ಈ ಶೆಲ್ಫು, ಈ ಬಾಟಲಿಗಳು, ಈ ಹೆಂಗಸಿನ ಕೈ.

ಅವಳ ಅಪ್ಪ ಇದೇ ಕಾಲೇಜಿನ ಕಾವಲುಗಾರನಾಗಿದ್ದ. ಏಳನೇ ತರಗತಿಗೆ ಓದು ಬಿಟ್ಟವಳು ಹತ್ತೊಂಬತ್ತಕ್ಕೆ ಇಲ್ಲಿ ಬಾಟಲಿ ತೊಳೆಯಲು ಸೇರಿದಳು. ಕತ್ತರಿಸುವ ಕೆಲಸವನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಆಗ ಆ ಕೆಲಸಕ್ಕಿದ್ದವರು ಬ್ಲೇಡು ಹಿಡಿಯುವುದನ್ನು ಬಾಗಿಲ ಗಾಜಿನಿಂದ ನೋಡಿ ನೋಡಿ ಕಲಿತಳು. ಒಂದು ದಿನ ಅವರು ರಜೆ ಹಾಕಿದಾಗ ಕೈ ತೊಳೆದುಕೊಂಡು ಬಂದು ಕೂತಳು. ಮೂವತ್ತೊಂದು ವರ್ಷ ಆದ ಮೇಲೂ ಎದ್ದಿಲ್ಲ. ವಿದ್ಯಾರ್ಥಿಗಳು ಇಟ್ಟ ಹೆಸರು ಬಾಟಲಿ ಅಕ್ಕ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ: "ನಮ್ಮನೇಲಿ ಬಾಟ್ಲಿ ಹಿಡಿಯೋಳು ಹೆಂಡ್ತಿ ಕಣಪ್ಪ. ನಾನು ಬರೀ ಟೀ."

ಕೆಲಸ ನಡೆಯುವುದು ಲ್ಯಾಮಿನಾರ್ ಎಂಬ ದೊಡ್ಡ ಪೆಟ್ಟಿಗೆಯ ಮುಂದೆ. ಒಳಗಿನ ಫ್ಯಾನು ಸೋಸಿದ ಗಾಳಿಯನ್ನು ಎದುರಿನಿಂದ ಮುಖಕ್ಕೆ ನೂಕುತ್ತಿರುತ್ತದೆ. ಆ ಗಾಳಿಯ ಒತ್ತಡಕ್ಕೆ ಹೊರಗಿನ ಧೂಳು ಒಳಗೆ ಬರಲಾರದು. ಅದರೆದುರು ಬಾಟಲಿ ತೆರೆದು, ಗಿಡವನ್ನು ಗೆಣ್ಣು ಗೆಣ್ಣಾಗಿ ಕತ್ತರಿಸಿ, ಗಿಡಕ್ಕೆ ಆಹಾರವಾಗುವ ಮೀಡಿಯಾ ಎಂಬ ಹೊಸ ಲೋಳೆಗೆ ನೆಟ್ಟು ಮುಚ್ಚಬೇಕು. ಕೈ ಶುದ್ಧವಾಗಿತ್ತೋ ಇಲ್ಲವೋ ಅವತ್ತು ತಿಳಿಯುವುದಿಲ್ಲ. ತಿಳಿಯುವುದು ನಾಲ್ಕು ದಿನ ಕಳೆದ ಮೇಲೆ. ಅದಕ್ಕೇ ಒಂದು ಕಟ್ಟುನಿಟ್ಟು: ಎಲ್ಲ ಬಾಟಲಿಯನ್ನೂ ಒಂದೇ ದಿನ ತೆರೆಯಬಾರದು.

ಆ ಶನಿವಾರ ಅವಳು ಎಲ್ಲವನ್ನೂ ತೆರೆದಿದ್ದಳು. ಲ್ಯಾಮಿನಾರ್ ಒಂದು ವಾರದಿಂದ ಕಿರ್ರೆನ್ನುತ್ತಿತ್ತು. ಸೋಮವಾರ ರಿಪೇರಿಯವನು ಬಂದು ಬಿಚ್ಚಿದರೆ ಮತ್ತೆ ಕೂಡಿಸಲು ಎಷ್ಟು ದಿನವೋ. ಬಾಟಲಿಗಳಲ್ಲಿ ಮೀಡಿಯಾ ಒಣಗಿ ಎಲೆ ಹಳದಿಯಾಗುತ್ತಿತ್ತು. ಎಲ್ಲ ಮುಗಿಸಿಬಿಡೋಣ ಎಂದು ಕೂತಳು. ಹನ್ನೊಂದು ಗಂಟೆಯ ಹೊತ್ತಿಗೆ ಆ ಸದ್ದು ಕಿವಿಯೊಳಗೆ ಮೊಳೆ ಹೊಡೆದಂತಾಯಿತು. ಫ್ಯಾನಿನ ವೇಗದ ತಿರುಗಣೆಯನ್ನು ಅರ್ಧಕ್ಕೆ ಇಳಿಸಿದಳು. ಸದ್ದು ಅಡಗಿತು. ಗಾಳಿಯೂ ಸೊರಗಿತು ಎಂಬುದು ಆಗ ತಲೆಗೆ ಹೋಗಲಿಲ್ಲ. ಹಳೆಯ ಬುಡಗಳನ್ನೂ ನಿಯಮದಂತೆ ಅವತ್ತೇ ಆಟೋಕ್ಲೇವಿನ ಹಬೆಗೆ ಹಾಕಿ ಸಾಯಿಸಿ ಎಸೆದಿದ್ದಾಯಿತು.

ರಿಪೇರಿಯವನು ಬಂದದ್ದು ಸೋಮವಾರವಲ್ಲ, ಅದೇ ಬುಧವಾರ. ಬೇರಿಂಗ್ ಬದಲಿಸಲು ಅರ್ಧ ಗಂಟೆ ಸಾಕಾಯಿತು. ಅಷ್ಟರಲ್ಲಿ ಮೇಡಂ ಬಂದು ಬಾಟಲಿಗಳನ್ನು ನೋಡಿ ಸ್ಟೂಲಿನ ಮೇಲೆ ಕುಸಿದಿದ್ದರು.

"ಫಿಲ್ಟರೇ ಹೋಗಿರ್ಬೇಕು ಮೇಡಂ," ಎಂದ ರಿಪೇರಿಯವನು. "ಹದಿನಾರು ವರ್ಷದ್ದು. ನನ್ನ ಮದುವೆಗಿಂತ ಹಳೇದು. ನನ್ನ ಮದುವೆನೂ ಹಿಂಗೇ ಸದ್ದು ಮಾಡ್ಕೊಂಡೇ ಓಡ್ತಿದೆ ಅನ್ನಿ."

ಮೇಡಂ ಪೆಟ್ಟಿಗೆಯ ಕಡೆ ತಿರುಗಿದರು.

"ಹೊಸದು ಬರೋಕೆ ಎಷ್ಟು ದಿನ?"

"ಮೂರು ವಾರ."

"ಅಲ್ಲೀವರೆಗೆ ಇದನ್ನ ಯಾರೂ ಮುಟ್ಟಬೇಡಿ," ಎಂದು ಮೇಡಂ ಎದ್ದರು. ಬೇರೆ ಎರಡು ಲ್ಯಾಬಿಗೆ ಫೋನ್ ಮಾಡಿ ಬಾಟಲಿಗಳನ್ನು ಅಲ್ಲಿಗೆ ತರಬಹುದೇ ಎಂದು ಕೇಳಿದರು. ಬೂಷ್ಟು ಹಿಡಿದದ್ದನ್ನು ಯಾವ ಲ್ಯಾಬಿನವರೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ.

ಮೂರು ವಾರ ಕಾದರೆ ಬೂಷ್ಟು ಬಳ್ಳಿಯ ಕುಡಿಯವರೆಗೂ ಏರಿ ಎಲ್ಲ ಮುಗಿದಿರುತ್ತದೆ. ಇವತ್ತೇ ಕುಡಿಗಳನ್ನು ಕತ್ತರಿಸಿ, ಬ್ಲೀಚ್ ನೀರಿನಲ್ಲಿ ಅದ್ದಿ, ಹೊಸ ಬಾಟಲಿಗೆ ಹಾಕಿದರೆ ಒಂದೆರಡಾದರೂ ಬದುಕಬಹುದು. ಬಾಟಲಿ ಅಕ್ಕನಿಗೆ ಅದು ಗೊತ್ತಿತ್ತು. ಫಿಲ್ಟರ್ ಸರಿಯಾಗಿದೆ ಎಂಬುದೂ ಅವಳಿಗೊಬ್ಬಳಿಗೇ ಗೊತ್ತಿತ್ತು. ಅದನ್ನು ಹೇಳಬೇಕಾದರೆ ತಿರುಗಣೆಯ ಮಾತು ಹೇಳಲೇಬೇಕು.

ಉಗ್ರಾಣಕ್ಕೆ ಹೋಗಿ ಮೀಡಿಯಾ ಡಬ್ಬಿಗಳ ಎದುರು ಕಣ್ಣು ಮುಚ್ಚಿ ನಿಂತಳು. ದೇವರಲ್ಲಿ ಏನು ಕೇಳಬೇಕೆಂದೇ ತೋಚಲಿಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ಧೈರ್ಯ ಕೊಡು ಅನ್ನೋಣವೆಂದರೆ ಅಷ್ಟು ಹೊತ್ತು ಇರಲಿಲ್ಲ. ವಾಪಸ್ಸು ಬಂದಳು.

"ಮೇಡಂ, ಫಿಲ್ಟರ್ ಸರಿ ಇದೆ."

"ನಿಮಗೆ ಹೇಗೆ ಗೊತ್ತು?"

"ಶುಕ್ರವಾರ ಮಕ್ಕಳ ಪ್ರಾಕ್ಟಿಕಲ್‌ಗೆ ಅಂತ ಮಾಡಿದ ಮೂವತ್ತು ಬಾಟ್ಲಿ ಪಕ್ಕದ ಶೆಲ್ಫಲ್ಲೇ ಇದಾವೆ. ಒಂದಕ್ಕೂ ಏನೂ ಆಗಿಲ್ಲ. ಶನಿವಾರ ನಾನು ಫ್ಯಾನ್ ಅರ್ಧಕ್ಕೆ ಇಳಿಸಿದ್ದೆ. ಸದ್ದಿಗೆ ತಲೆ ಸಿಡೀತಿತ್ತು."

ಮೇಡಂ ಅವಳ ಮುಖವನ್ನೇ ನೋಡಿದರು. "ಆ ತಿರುಗಣೆ ಮುಟ್ಟಿದ್ರೆ ಕೈ ಮುರೀತೀನಿ ಅಂತ ಪ್ರತಿ ವರ್ಷ ಮಕ್ಕಳಿಗೆ ಹೇಳೋರು ನೀವೇ ಅಲ್ವಾ?"

"ನಾನೇ."

"ಅರ್ಧ ಬಾಟ್ಲಿನಾದ್ರೂ ತೆರೀದೆ ಉಳಿಸ್ಕೋಬಾರ್ದಿತ್ತಾ?"

ಬಾಟಲಿ ಅಕ್ಕ ಬ್ಲೇಡಿನ ಡಬ್ಬಿ ಕೈಗೆತ್ತಿಕೊಂಡಳು. "ಬೈಯೋದು ಆಮೇಲೆ ಬೈಯಿರಿ ಮೇಡಂ. ಬೂಷ್ಟು ಕಾಯಲ್ಲ. ಈಗ್ಲೇ ಕೂರ್ಬೇಕು."

"ಕೂರ್ತೀನಿ. ನಾನು ಕೂರ್ತೀನಿ. ನಿಮ್ಮ ಕೈ ಬೇಡ."

ಹದಿನಾಲ್ಕು ಬಾಟಲಿಗಳಲ್ಲಿ ಮಾತ್ರ ಬೂಷ್ಟು ಇನ್ನೂ ಕುಡಿ ಮುಟ್ಟಿರಲಿಲ್ಲ. ಫ್ಯಾನು ಪೂರ್ತಿ ತಿರುಗುತ್ತಿತ್ತು. ಮೇಡಂ ಚಿಮಟವನ್ನು ದೀಪಕ್ಕೆ ಹಿಡಿದು, ತಣಿಸಿ, ಮೊದಲ ಬಾಟಲಿ ತೆರೆದರು. ಅವರು ಬ್ಲೇಡು ಹಿಡಿದು ಎಂಟು ವರ್ಷವಾಗಿತ್ತು. ಕುಡಿ ಇರುವುದು ಸಾಸಿವೆ ಕಾಳಿನಷ್ಟು. ಮೊದಲನೆಯದು ಚಿಮಟದಲ್ಲೇ ಜಜ್ಜಿಹೋಯಿತು. ಎರಡನೆಯದೂ ಹಾಗೇ. ಮೂರನೆಯದು ಬ್ಲೇಡಿಗೆ ಅಂಟಿ ಕೆಳಗೆ ಬಿತ್ತು. ಹಿಂದೆ ನಿಂತಿದ್ದ ಬಾಟಲಿ ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಮೇಡಂ ಎದ್ದುನಿಂತರು. "ಬನ್ನಿ."

"ನನ್ನ ಕೈ ಬೇಡ ಅಂದ್ರಿ."

"ಈಗಲೂ ಬೇಡ. ಆದ್ರೆ ನನ್ನ ಕೈಗಿಂತ ವಾಸಿ. ಕೂತ್ಕೊಳ್ಳಿ."

ಉಳಿದ ಹನ್ನೊಂದನ್ನೂ ಅವಳು ಕತ್ತರಿಸಿದಳು, ಒಂದೂ ಜಜ್ಜಲಿಲ್ಲ. ಬ್ಲೀಚ್ ನೀರಿನ ಲೆಕ್ಕವೇ ಕಷ್ಟದ್ದು. ಕಡಿಮೆ ಹೊತ್ತು ಅದ್ದಿದರೆ ಬೂಷ್ಟು ಬದುಕುತ್ತದೆ, ಹೆಚ್ಚು ಹೊತ್ತಾದರೆ ಕುಡಿ ಸಾಯುತ್ತದೆ. ಐದನ್ನು ಆರು ನಿಮಿಷ, ಆರನ್ನು ಎಂಟು ನಿಮಿಷ ಇಟ್ಟು, ಮೂರು ಸಲ ಶುದ್ಧ ನೀರಿನಲ್ಲಿ ಜಾಲಿಸಿ ಹೊಸ ಬಾಟಲಿಗಳಿಗೆ ಇಳಿಸಿದಳು.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತವಳು ಊಟ ಮಾಡದೆ ಇದ್ದುದನ್ನು ನೋಡಿ ಗಂಡ ಕೇಳಿದ. ಎಲ್ಲ ಹೇಳಿದಳು.

"ಅಲ್ವೇ, ಸುಮ್ನಿದ್ದಿದ್ರೆ ಎಲ್ಲಾ ಫಿಲ್ಟರ್ ತಲೆ ಮೇಲೆ ಹೋಗ್ತಿತ್ತಲ್ಲ."

"ಬಳ್ಳಿನೂ ಹೋಗ್ತಿತ್ತು ಕಣ್ರೀ."

"ಈಗ ಉಳಿಯುತ್ತಾ?"

"ಗೊತ್ತಿಲ್ಲ. ನಾಲ್ಕು ದಿನ ಆಗ್ಬೇಕು."

ಅವನು ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟ, ಆಮೇಲಾದರೂ ತಿನ್ನಲಿ ಎಂದು.

ಆ ನಾಲ್ಕು ದಿನ ಅವಳು ಕಲ್ಚರ್ ರೂಮಿನ ಬಾಗಿಲು ಎಷ್ಟು ಸಲ ತೆಗೆದಳೋ. ಮೂರನೆಯ ದಿನ ಆರು ನಿಮಿಷದ ಐದೂ ಬೂಷ್ಟು ಹಿಡಿದವು. ನಾಲ್ಕನೆಯ ದಿನ ಎಂಟು ನಿಮಿಷದ್ದರಲ್ಲಿ ಐದು ಬೆಳ್ಳಗೆ ಕಾಗದದಂತಾದವು. ಒಂದು ಮಾತ್ರ ಹಸಿರಾಗಿತ್ತು. ಅದನ್ನು ಅವಳು ಕೈಯಿಂದ ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಹತ್ತನೆಯ ದಿನವೂ ಹಸಿರಾಗಿಯೇ ಇತ್ತು, ಎಲೆಯ ಗುರುತು ಮೂಡಿತ್ತು. ಹನ್ನೊಂದು ವರ್ಷದ ಬಳ್ಳಿಯಲ್ಲಿ ಉಳಿದದ್ದು ಅಷ್ಟು.

ಅದೇ ದಿನ ಮೇಡಂ ಅವಳನ್ನು ಕರೆಸಿದರು. "ಕಚೇರಿಗೆ ಬರೆಯಲೇಬೇಕಾಯ್ತು."

"ಬರೀದೆ ಇರೋಕಾಗುತ್ತಾ."

"ವಿಚಾರಣೆ ಮುಗಿಯೋವರೆಗೆ ನೀವು ಲ್ಯಾಮಿನಾರ್ ಮುಂದೆ ಕೂರೋ ಹಾಗಿಲ್ಲ ಅಂತ ಆದೇಶ ಬಂದಿದೆ. ಮೂರು ತಿಂಗಳಾಗಬಹುದು, ಆರೂ ಆಗಬಹುದು."

ಬಾಟಲಿ ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಇನ್ನು ಐದು ವಾರಕ್ಕೆ ಅದನ್ನ ಕತ್ತರಿಸಿ ಬೇರೆ ಬಾಟ್ಲಿಗೆ ಹಾಕ್ಬೇಕು ಮೇಡಂ. ಇಲ್ದಿದ್ರೆ ಒಣಗುತ್ತೆ. ಇರೋದೇ ಒಂದು. ಯಾರು ಕತ್ತರಿಸ್ತಾರೆ?"

ಮೇಡಂ ಆದೇಶದ ಕಾಗದವನ್ನು ಮತ್ತೊಮ್ಮೆ ಓದಿದರು. "ಕೂರಬೇಡಿ ಅಂತ ಬರೆದಿದ್ದಾರೆ," ಎಂದರು ಕೊನೆಗೆ. "ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ ಅಂತ ಬರೆದಿಲ್ಲ."

ಅಂದು ಮಧ್ಯಾಹ್ನವೇ ಇಬ್ಬರೂ ಅಭ್ಯಾಸಕ್ಕೆಂದು ಅಂಗಳದಿಂದ ಒಂದು ಹಿಡಿ ಹುಲ್ಲು ಕಿತ್ತು ತಂದರು. ಮೇಡಂ ಸ್ಟೂಲಿನ ಮೇಲೆ ಕೂತರು, ಅವಳು ಹೆಗಲ ಹತ್ತಿರ ನಿಂತಳು.

"ಅಷ್ಟು ಬಿಗಿಯಾಗಿ ಹಿಡೀಬೇಡಿ ಮೇಡಂ, ಅದೇನು ಓಡಿಹೋಗಲ್ಲ. ಮೊಣಕೈ ಮೇಜಿಗೆ ಊರಿ. ಉಸಿರು ಬಿಟ್ಟು ಆಮೇಲೆ ಕತ್ತರಿಸಿ."

"ಹೀಗಾ?"

"ಹಾಂ... ಅಯ್ಯೋ, ಹೋಯ್ತು. ಇನ್ನೊಂದು ತಗೊಳ್ಳಿ."

ಐದು ಗಂಟೆಯವರೆಗೆ ಮೇಡಂ ನಲವತ್ತು ಕುಡಿ ಕತ್ತರಿಸಿದರು. ಎರಡು ಮಾತ್ರ ಜಜ್ಜದೆ ಬಂದವು. ಹುಲ್ಲು ಗಟ್ಟಿ, ಬಳ್ಳಿ ಅದಕ್ಕಿಂತ ಮೆತ್ತಗೆ ಎಂಬುದನ್ನು ಬಾಟಲಿ ಅಕ್ಕ ಅವತ್ತು ಹೇಳಲಿಲ್ಲ. ಜಜ್ಜಿದ ಕುಡಿಗಳನ್ನು ಮೇಜಿನಿಂದ ಒರೆಸಿ ತೆಗೆದು, ನಾಳೆಗೆ ಹುಲ್ಲು ಕೀಳಲು ಅಂಗಳಕ್ಕೆ ಹೋದಳು.