ನಮ್ಮ ಮನೆಯಲ್ಲಿ ಇಲಿ ಇಲ್ಲ

ಕೈ ತೊಳೆಯುವ ಸಾಬೂನಿಗೆ ಇಷ್ಟೊಂದು ಮರ್ಯಾದೆ ಬಂದಿರದ ಕಾಲ ಅದು. ಕೆಳಗೆ ಬಿದ್ದ ಮಾವಿನಹಣ್ಣನ್ನು ಅಂಗಿಗೆ ಒರೆಸಿಕೊಂಡು ತಿಂದರೆ ಯಾರೂ ಬೊಬ್ಬೆ ಹೊಡೆಯುತ್ತಿರಲಿಲ್ಲ. ಮಣಿಪಾಲದಲ್ಲಿ ಸ್ವಂತ ಮನೆ ಇದ್ದವರೆಲ್ಲ ಮಹಡಿಯ ಮೇಲೊಂದು ಕೋಣೆ ಎಬ್ಬಿಸಿ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ನಾವೂ ಕೊಟ್ಟಿದ್ದೆವು. ಕೆಳಗೆ ನಮ್ಮ ಅಡುಗೆಮನೆಯಿಂದ ಮೀನಿನ ಸಾರಿನ ಪರಿಮಳ ಮೇಲೆ ಹೋಗುತ್ತಿತ್ತು, ಮೇಲಿನಿಂದ ಮ್ಯಾಗಿಯ ಪರಿಮಳ ಕೆಳಗೆ ಬರುತ್ತಿತ್ತು. ನನ್ನ ಮನಸ್ಸು ಯಾವಾಗಲೂ ಮೇಲಿನದರ ಮೇಲೆಯೇ.

ಅಪ್ಪನಿಗೆ ಕಾಲೇಜಿನ ಹತ್ತಿರ ಜೆರಾಕ್ಸ್ ಅಂಗಡಿ. ಅಮ್ಮನಿಗೆ ಮನೆ, ಮತ್ತು ಮನೆಗಿಂತ ದೊಡ್ಡ ಕೆಲಸವಾಗಿ ಅಜ್ಜಿ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಕೆಮ್ಮಣ್ಣು ಎಂಬ ಊರಿನ ಹೊಳೆಬದಿಯವರು. ಅವರ ತವರಿನ ಇಲಿಗಳು ತೆಂಗಿನಮರ ಹತ್ತಿ, ಬೊಂಡ ಕೊರೆದು, ನೀರು ಕುಡಿದು ಇಳಿದು ಬರುತ್ತಿದ್ದವಂತೆ. ಹಾಗಾಗಿ ಇಲಿಗಳ ವಿರುದ್ಧ ಅವರದ್ದು ತಲೆಮಾರಿನ ಯುದ್ಧ. ನಮ್ಮ ಮನೆಯ ಅಟ್ಟದಲ್ಲಿ ಕಿರ್ ಎಂದರೆ ಸಾಕು, ಅಜ್ಜಿ ತೆಂಗಿನಕಾಯಿ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಸುಟ್ಟು ಬೋನಿಗೆ ಸಿಕ್ಕಿಸುತ್ತಿದ್ದರು. ಸುಟ್ಟ ಕಾಯಿಯ ಪರಿಮಳಕ್ಕೆ ಇಲಿ ಬರುವುದಿರಲಿ, ನಾನೇ ಬೋನಿನೊಳಗೆ ಕೈ ಹಾಕಬೇಕು ಅನ್ನಿಸುತ್ತಿತ್ತು. ಬೋನು ಇಡುವಾಗ ಇಲಿ ಎಂಬ ಶಬ್ದ ಮಾತ್ರ ಯಾರೂ ಎತ್ತಬಾರದು.

"ಹೆಸರು ಹೇಳ್ಬೇಡ ಮಾರಾಯ್ತಿ, ಅದಕ್ಕೆ ಕೇಳ್ತದೆ. ಕೇಳಿದ್ರೆ ಬೋನಿನ ಹತ್ತಿರವೂ ಬರುದಿಲ್ಲ. ಸೀದಾ ಹೋಗಿ ನಿನ್ನ ಯೂನಿಫಾರ್ಮ್ ಕಡೀತದೆ."

ಆದ್ದರಿಂದ ನಮ್ಮಲ್ಲಿ ಇಲಿಗಳಿಗೆ 'ಆ ಜನ' ಎಂದು ಹೇಳುವುದು. 'ಇವತ್ತು ಆ ಜನಕ್ಕೆ ಊಟ ಇಡ್ಲಿಕ್ಕುಂಟು' ಎಂದು ಅಜ್ಜಿ ಪಿಸುಗುಟ್ಟಿದರೆ, ಹೊಸಬರು ಯಾರೋ ಬಡ ನೆಂಟರಿರಬೇಕು ಎಂದುಕೊಳ್ಳುತ್ತಿದ್ದರು.

ಇಂಥ ಮನೆಗೆ, ನನ್ನ ಬೇಸಿಗೆ ರಜೆಯ ಒಂದು ಬೆಳಿಗ್ಗೆ, ಮಹಡಿಯ ರೋಹನ್ ಅಣ್ಣ ಗೂಡೊಂದನ್ನು ಹಿಡಿದು ಮೆಟ್ಟಿಲಿಳಿದು ಬಂದ. ಪುಣೆಯ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದ. ಗೂಡಿನೊಳಗೆ ಹಾಲಿನಂತೆ ಬಿಳಿ ಮೈ, ಕೆಂಪು ಕಣ್ಣು, ಉದ್ದ ಬಾಲದ ಒಂದು ಇಲಿ. ಹೆಸರು ಲಡ್ಡು. ಇಡೀ ವರ್ಷ ನಮ್ಮ ತಲೆಯ ಮೇಲೆಯೇ ಬಾಳಿದ್ದನಂತೆ, ನಮಗೆ ಸುದ್ದಿಯೇ ಇಲ್ಲ! ರೈಲಿನಲ್ಲಿ ಕರೆದುಕೊಂಡು ಹೋಗುವಂತಿಲ್ಲ, ರಜೆ ಮುಗಿಯುವವರೆಗೆ ನೋಡಿಕೊಳ್ಳಬೇಕು ಎಂದು ರೋಹನ್ ಅಣ್ಣ ಕೈಮುಗಿದ. ಅಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಾಗಿತ್ತು. ಅಪ್ಪನಿಗೆ ಹುಟ್ಟಿದಂದಿನಿಂದ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. ಉಳಿದದ್ದು ಅಜ್ಜಿ.

"ಅಟ್ಟದಲ್ಲಿ ಬೋನು ಇಡುದು, ಚಾವಡಿಯಲ್ಲಿ ಗೂಡು ಇಡುದು! ನಮಗೆ ತಲೆ ಸರಿ ಉಂಟಾ? ನೆಂಟರು ಕಂಡ್ರೆ ಎಂತ ಹೇಳಿಯಾರು?"

ಅಜ್ಜಿಗೆ ತುಳು ಬಿಟ್ಟರೆ ಸ್ವಲ್ಪ ಕನ್ನಡ, ರೋಹನ್ ಅಣ್ಣನಿಗೆ ಹಿಂದಿ ಮತ್ತು ಇಂಗ್ಲಿಷ್. ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಹೊರಡುವವರು ಹಿರಿಯರ ಕಾಲು ಮುಟ್ಟಬೇಕು ಎಂಬುದು ಅವನ ಮನೆಯ ಅಭ್ಯಾಸ. ಗೂಡನ್ನು ಕೆಳಗಿಟ್ಟವನೇ ಅಜ್ಜಿಯ ಪಾದಕ್ಕೆ ಬಾಗಿದ. ಸ್ವಂತ ಮಗನೂ ಮದುವೆಯ ದಿನ ಬಿಟ್ಟರೆ ಮತ್ತೆ ಬಾಗದಿದ್ದ ಪಾದ ಅದು. ಅಜ್ಜಿ ಕರಗಿ ನೀರಾದರು. "ಇರ್ಲಿ ಬಿಡು, ಪಾಪದ ಹುಡುಗ" ಎಂದರು. ಪಾಪದ ಹುಡುಗ ಯಾರು, ರೋಹನ್ ಅಣ್ಣನೋ ಲಡ್ಡುವೋ ಎಂದು ನಾವು ಕೇಳಲು ಹೋಗಲಿಲ್ಲ.

ಮೊದಮೊದಲು ಅಜ್ಜಿ ದೂರದಿಂದ ಅವಲಕ್ಕಿ ಎಸೆಯುತ್ತಿದ್ದರು. ಆಮೇಲೆ ಹತ್ತಿರ ಹೋಗಿ ಹಾಕಿದರು. ಆಮೇಲೆ ಕೈಯಿಂದಲೇ. ರಜೆ ಅರ್ಧ ಮುಗಿಯುವಾಗ ಲಡ್ಡುವಿನ ವಾಸ ಗೂಡಿನಲ್ಲಲ್ಲ, ಅಜ್ಜಿಯ ಸೆರಗಿನಲ್ಲಿ. ಬೆಳಿಗ್ಗೆ ಅವರು ಗಂಜಿಗೆ ಕುಳಿತರೆ ಹೆಗಲ ಹತ್ತಿರ ಒಂದು ಬಿಳಿ ಮೂತಿ ಇಣುಕುತ್ತಿತ್ತು. ಅಜ್ಜಿ ಒಂದು ಚಮಚ ಉಣ್ಣುವುದು, ಅದೇ ಚಮಚದ ತುದಿಯನ್ನು ಅವನಿಗೆ ಹಿಡಿಯುವುದು. ಸಂಜೆ ಚಹಾಕ್ಕೆ ಬನ್ಸ್ ಮಾಡಿದರೆ ತಾನು ಕಚ್ಚಿ ಉಳಿದ ತುಂಡು ಅವನಿಗೆ. ಹಣೆಗೆ ಮುತ್ತು ಬೇರೆ. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ನಿಜ ಹೇಳುತ್ತೇನೆ. ಆದರೆ ಅವನ ಜೊತೆ ಆಡುವಾಗ ಅದೆಲ್ಲ ಮರೆತು ಹೋಗುತ್ತಿತ್ತು. ಅಪ್ಪನ ಅಂಗಡಿಯಿಂದ ತಂದ ಕಾಗದದ ಪೆಟ್ಟಿಗೆಗಳನ್ನು ಜೋಡಿಸಿ ನಾನು ಸುರಂಗ ಕಟ್ಟುತ್ತಿದ್ದೆ. ಲಡ್ಡು ಒಂದು ತುದಿಯಲ್ಲಿ ಹೊಕ್ಕು, ಮಧ್ಯದಲ್ಲಿ ಸುಸ್ತಾಗಿ ಮಲಗಿಬಿಡುತ್ತಿದ್ದ. ಅಂಥ ಸೋಮಾರಿ.

ಬೋನು ಇಡುವುದು ಮಾತ್ರ ನಿಲ್ಲಲಿಲ್ಲ. ಈಗ ಅಜ್ಜಿ ಕಾಯಿ ಚೂರು ಸುಡುವಾಗ ಜೊತೆಗೆ ಇನ್ನೊಂದನ್ನೂ ಸುಡುತ್ತಿದ್ದರು. ಒಂದು ಅಟ್ಟದವರನ್ನು ಕೊಲ್ಲಲಿಕ್ಕೆ, ಇನ್ನೊಂದು ಚಾವಡಿಯವನನ್ನು ಸಾಕಲಿಕ್ಕೆ. ಇದೆಂಥ ನ್ಯಾಯ ಎಂದು ಅಮ್ಮ ಕೇಳಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು.

"ಆ ಜನ ಬೇರೆ, ಇವ ಬೇರೆ. ಇವ ನಮ್ಮ ಹುಡುಗ ಅಲ್ವಾ?"

ಹೀಗಿರುವಾಗ ಒಂದು ದಿನ ಬೂತಾಯಿ ಮೀನು ಬಂತು. ಬೂತಾಯಿ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಅಜ್ಜಿ ಬಾವಿಕಟ್ಟೆಯಲ್ಲಿ ಕುಳಿತು ಅಷ್ಟನ್ನೂ ಕೊಯ್ದು ಮುಗಿಸಿದರು. ಕೈಯನ್ನು ಒಂದು ಚೊಂಬು ನೀರಲ್ಲಿ ಅದ್ದಿ, ಸೀರೆಗೆ ಒರೆಸಿಕೊಂಡು, ನೇರ ಗೂಡಿನ ಹತ್ತಿರ ಹೋಗಿ "ಎಂತ ಮಾಡ್ತಿದ್ದಿ ಮಗಾ?" ಎಂದು ಸರಳಿನೊಳಗೆ ಬೆರಳು ತೂರಿಸಿದರು. ಆ ಬೆರಳಿಗೆ ಬೂತಾಯಿಯದ್ದೇ ವಾಸನೆ. ಲಡ್ಡುವಿನ ತಪ್ಪೇನು? ಮೀನು ಬಂತು ಎಂದುಕೊಂಡ, ಕಚ್ಚಿದ.

ಅಜ್ಜಿ ಕೂಗಲಿಲ್ಲ. ಬೆರಳ ತುದಿಯಲ್ಲಿ ರಕ್ತ ಬಂತು. ನಾನು ಪಕ್ಕದಲ್ಲೇ ಇದ್ದೆ. ಅವರು ಎಲೆಯಡಿಕೆಯ ಡಬ್ಬದಿಂದ ಸುಣ್ಣ ತೆಗೆದು ಗಾಯಕ್ಕೆ ಹಚ್ಚಿಕೊಂಡು ನನ್ನ ಬಾಯಿಯ ಮೇಲೆ ಇನ್ನೊಂದು ಕೈ ಇಟ್ಟರು.

"ಅಮ್ಮನಿಗೆ ಹೇಳಿದ್ರೆ ಇವನನ್ನು ಇವತ್ತೇ ಗುಡ್ಡೆಗೆ ಬಿಡ್ತಾಳೆ. ಇವನಿಗೆ ಸರಿ ಓಡ್ಲಿಕ್ಕೂ ಗೊತ್ತಿಲ್ಲ. ಕಾಗೆ ಕುಕ್ಕಿ ಕೊಲ್ತದೆ. ಹೇಳ್ತೀಯಾ?"

ನಾನು ಇಲ್ಲವೆಂದು ತಲೆ ಆಡಿಸಿದೆ. ಅಮ್ಮನಿಗೆ ಅಜ್ಜಿ ಹೇಳಿದ್ದು ಬೂತಾಯಿಯ ಮುಳ್ಳು ತಾಗಿತು ಎಂದು. ಮೀನು ತಿನ್ನುವ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಸುಳ್ಳು ಸಿಗಲಿಕ್ಕಿಲ್ಲ. ಗಾಯ ಒಣಗಿತು, ಎಲ್ಲರೂ ಮರೆತರು.

ಆಮೇಲೆ ಜ್ವರ ಬಂತು. ಸೆಕೆಗೆ ನಾವೆಲ್ಲ ನೆಲದ ಮೇಲೆ ಬಿದ್ದುಕೊಂಡಿದ್ದರೆ ಅಜ್ಜಿ ಇದ್ದಬದ್ದ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ಕಾಳುಮೆಣಸಿನ ಕಷಾಯ ಆಯಿತು. ಪಡುಬಿದ್ರಿಯಿಂದ ಬಂದ ಅತ್ತೆ, ಮುಸುಂಬಿಯ ಚೀಲ ಕೆಳಗಿಡುವ ಮೊದಲೇ, ಇದು ದೃಷ್ಟಿ ತಾಗಿದ್ದು ಎಂದು ಉಪ್ಪು ಮೆಣಸು ನಿವಾಳಿಸಿದರು. ಮೆಣಸಿನ ಹೊಗೆಗೆ ನಾವೆಲ್ಲ ಕೆಮ್ಮಿದೆವು, ಲಡ್ಡು ಸೀನಿದ, ಜ್ವರ ಮಾತ್ರ ಅಲ್ಲಾಡಲಿಲ್ಲ. ಹತ್ತಿರದ ಡಾಕ್ಟರು ರಕ್ತ ತೆಗೆಸಿದರು. ಮಲೇರಿಯಾ ಅಲ್ಲ, ಡೆಂಗಿಯೂ ಅಲ್ಲ. ಜ್ವರ ಬಿಟ್ಟಂತೆ ಮಾಡಿ ಮತ್ತೆ ಬಂತು. ಗಂಟುಗಂಟು ನೋವು. ಅಂಗೈ, ಅಂಗಾಲುಗಳಲ್ಲಿ ಕೆಂಪು ಚುಕ್ಕೆಗಳು ಎದ್ದಾಗ ಅಪ್ಪ ಅಂಗಡಿ ಮುಚ್ಚಿ ರಿಕ್ಷಾ ತಂದರು. ಮನೆಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ ಎಂದು ನನ್ನನ್ನೂ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ಒಬ್ಬರು ಡಾಕ್ಟರಮ್ಮ, ನಮ್ಮ ಕಡೆಯವರೇ, ಹಾಸಿಗೆಯ ಪಕ್ಕ ಕುಳಿತು ಒಂದೊಂದೇ ಕೇಳಿದರು.

"ಅಜ್ಜಿ, ಮನೆಯಲ್ಲಿ ಇಲಿ ಉಂಟಾ?"

ಜ್ವರದಲ್ಲೂ ಅಜ್ಜಿಯ ಮೂಗು ಮೇಲೇರಿತು. "ಇಲಿಯಾ? ನಮ್ಮ ಮನೆಯಲ್ಲಿ ಎಂತಕ್ಕೆ ಡಾಕ್ಟ್ರೇ?"

"ನಮ್ಮದು ತಾರಸಿ ಮನೆ" ಎಂದರು ಅಪ್ಪ.

"ದಿನಾ ಫಿನಾಯಿಲ್ ಹಾಕಿ ಒರೆಸ್ತೇನೆ" ಎಂದರು ಅಮ್ಮ.

"ನಮ್ಮ ಕುಟುಂಬದಲ್ಲೇ ಇಲ್ಲ" ಎಂದರು ಅತ್ತೆ, ಅದು ಸಕ್ಕರೆ ಕಾಯಿಲೆಯೇನೋ ಎಂಬಂತೆ.

"ಗದ್ದೆಗೆ ಇಳಿದದ್ದು ಉಂಟಾ?"

"ಇಲಿ ಜ್ವರ ಗದ್ದೆಗೆ ಇಳಿದವರಿಗಲ್ವಾ? ನಾನು ಗೇಟು ಸಹ ದಾಟುದಿಲ್ಲ" ಎಂದರು ಅಜ್ಜಿ.

ಇವರು ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ ಎಂಬುದೇ ಇದರ ಮಜಾ. ಇಲಿ ಎಂದರೆ ಆ ಜನ, ಅವರ ವಾಸ ಅಟ್ಟದಲ್ಲಿ, ಮನೆಯೊಳಗಲ್ಲ. ಲಡ್ಡು ಆ ಲೆಕ್ಕಕ್ಕೆ ಬರುವವನೇ ಅಲ್ಲ. ಅಪ್ಪ, ಅಮ್ಮನ ತಲೆಗೆ ಅವನ ನೆನಪೇ ಬರಲಿಲ್ಲ. ಬಂದಿದ್ದರೆ ಅಜ್ಜಿಗೆ ಮಾತ್ರ. ಬೆರಳಿನ ಕಲೆ ಏನೆಂದು ಕೇಳಿದಾಗ ಅವರು "ಬೂತಾಯಿ ಮುಳ್ಳು" ಎಂದು ನನ್ನ ಕಡೆ ನೋಡಿದರು.

ಕಾಗೆ, ಗುಡ್ಡೆ, ಓಡಲು ಬಾರದ ಲಡ್ಡು ಎಲ್ಲ ನನ್ನ ಕಣ್ಣ ಮುಂದೆ. ಆಗ ಅಜ್ಜಿ ನೀರು ಕೇಳಿದರು. ಅಮ್ಮ ಲೋಟ ಕೊಟ್ಟರೆ ಅವರ ಬೆರಳುಗಳು ಮಡಚಲಿಲ್ಲ. ಲೋಟ ಜಾರಿ ಹಾಸಿಗೆ ಒದ್ದೆಯಾಯಿತು. ತೆಂಗಿನಕಾಯಿಯನ್ನು ಒಂದೇ ಏಟಿಗೆ ಒಡೆಯುತ್ತಿದ್ದ ಕೈ. ಅಜ್ಜಿ ಒದ್ದೆ ಹಾಸಿಗೆ ನೋಡಿ ನಾಚಿಕೊಂಡರು. ಅವರು ನಾಚಿದ್ದನ್ನು ನಾನು ಅದೇ ಮೊದಲು ಕಂಡದ್ದು. ನನಗೆ ಸತ್ತೇ ಹೋಗುವಷ್ಟು ಹೆದರಿಕೆಯಾಯಿತು.

"ಇಲಿ ಉಂಟು ಡಾಕ್ಟ್ರೇ" ಎಂದು ಅಳುತ್ತಾ ಹೇಳಿದೆ. "ಲಡ್ಡು ಕಚ್ಚಿದ್ದು. ಮುಳ್ಳು ಅಲ್ಲ."

ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದರು: "ಅದು ಇಲಿ ಅಲ್ಲ ಡಾಕ್ಟ್ರೇ. ಅದು ಸಾಕಿದ್ದು."

"ಅದು ಇಲಿಗೆ ಗೊತ್ತುಂಟಾ?" ಎಂದರು ಡಾಕ್ಟರಮ್ಮ.

ಆಮೇಲೆ ಅವರು ನಗಲಿಲ್ಲ. ಇದು ಗದ್ದೆಯ ನೀರಿನಿಂದ ಬರುವ ಇಲಿ ಜ್ವರವಲ್ಲ, ಇಲಿ ಕಚ್ಚಿದರೆ ಬರುವ ಬೇರೆಯೇ ಜ್ವರ ಇರಬೇಕು ಎಂದು ವಿವರಿಸಿದರು. ಇಲಿಗೆ ಏನೂ ಆಗುವುದಿಲ್ಲ, ಆರೋಗ್ಯವಾಗಿಯೇ ಇರುತ್ತದೆ, ರೋಗಾಣು ಅದರ ಬಾಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಕಚ್ಚಿದ ಗಾಯ ಒಣಗಿದ ಮೇಲೂ ಜ್ವರ ಬರಬಹುದು. ಬಿಟ್ಟರೆ ಹೃದಯಕ್ಕೂ ಇಳಿದೀತು. ಗೊತ್ತಾದರೆ ಪೆನಿಸಿಲಿನ್‌ಗೆ ಬಗ್ಗುತ್ತದೆ. "ಬೇಗ ಹೇಳಿದ್ದು ಒಳ್ಳೆಯದಾಯ್ತು ಮಗೂ" ಎಂದು ನನ್ನ ತಲೆ ಸವರಿದರು. ಅಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಚಾಡಿಕೋರಿ" ಎಂದರು.

ಇಂಜೆಕ್ಷನ್‌ಗೆ ಜ್ವರ ಇಳಿಯಿತು. ಅಜ್ಜಿಯ ಕೋಪ ಇಳಿಯಲಿಲ್ಲ. ಎಳನೀರು ಕೊಟ್ಟರೆ ಅಮ್ಮನ ಕೈಯಿಂದ ಕುಡಿಯುತ್ತಿದ್ದರು, ನನ್ನ ಕೈಯಿಂದ ಇಲ್ಲ. ಕೊನೆಗೆ ಡಾಕ್ಟರಮ್ಮನನ್ನೇ ಕೇಳಿದರು: "ನಮ್ಮ ಹುಡುಗನನ್ನು ಕೊಲ್ಬೇಕಾ?"

"ಕೊಲ್ಲುದು ಎಂತಕ್ಕೆ ಅಜ್ಜಿ? ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೀರಿ. ಕಚ್ಚಿದ್ರೆ ತೊಳೆದು ಆಸ್ಪತ್ರೆಗೆ ಬನ್ನಿ, ಸುಣ್ಣ ಹಚ್ಚಿ ಕೂರ್ಬೇಡಿ. ಗೂಡು ತೊಳೆಯುವಾಗ ಗ್ಲೌಸ್ ಹಾಕಿ. ಮುತ್ತು ಕೊಡುದು, ಒಂದೇ ಚಮಚದಲ್ಲಿ ತಿನ್ನುದು ಎಲ್ಲ ಬೇಡ."

"ಮತ್ತೆ ಸಾಕುದು ಯಾಕೆ?" ಎಂದರು ಅಜ್ಜಿ.

ಆ ಸಂಜೆ ನಾನು ಕೊಟ್ಟ ಎಳನೀರನ್ನು ಕುಡಿದರು.

ಮನೆಗೆ ಬಂದ ಮೇಲೆ ಅಪ್ಪ ಕೈಗೆ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡು, ಬಾಂಬು ತೆಗೆಯುವವರ ಹಾಗೆ ಗೂಡು ತೊಳೆಯುತ್ತಿದ್ದರು. ಅಜ್ಜಿ ದೂರದ ಕುರ್ಚಿಯಲ್ಲಿ ಕುಳಿತು ಲಡ್ಡುವಿಗೆ ದಿನದ ಸುದ್ದಿಯೆಲ್ಲ ಹೇಳುವರು. ಅವನು ಸರಳು ಹಿಡಿದು ನಿಂತು ಕೇಳುವನು. ಮಳೆ ಹಿಡಿದ ಮೇಲೆ ರೋಹನ್ ಅಣ್ಣ ಬಂದ, ಮತ್ತೆ ಕಾಲಿಗೆ ಬಾಗಿದ. ಅಜ್ಜಿ ಅವನನ್ನು ಎದುರು ಕೂರಿಸಿಕೊಂಡು ಸಾಬೂನು, ಗ್ಲೌಸ್, ಮುತ್ತು, ಚಮಚ ಎಲ್ಲವನ್ನೂ ಶುದ್ಧ ತುಳುವಿನಲ್ಲಿ ಬೋಧಿಸಿದರು. ಅವನು ಎಲ್ಲದಕ್ಕೂ ತಲೆ ಆಡಿಸಿದ. ನಾನು ಹಿಂದೆಯೇ ಮೆಟ್ಟಿಲು ಹತ್ತಿ ಹೋಗಿ, ನನ್ನ ಅರೆಬರೆ ಹಿಂದಿಯಲ್ಲಿ ಅಷ್ಟನ್ನೂ ಮತ್ತೆ ಹೇಳಿದೆ. ಮುಂದಿನ ವರ್ಷ ಅವನು ಕೋಣೆ ಬಿಟ್ಟು ಹೋದ, ಲಡ್ಡು ಅವನ ಸ್ನೇಹಿತನ ಕಾರಿನಲ್ಲಿ ಪುಣೆಗೆ ಹೋದ. ಅಜ್ಜಿ ದಾರಿಗೆಂದು ಸುಟ್ಟ ಕಾಯಿ ಕಟ್ಟಿಕೊಟ್ಟರು.

ಈಗ ಅಜ್ಜಿ ಇಲ್ಲ. ಬೋನು ಎಲ್ಲಿ ಹೋಯಿತೋ, ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಮುಖಕ್ಕೆ ಮಾಸ್ಕ್ ಹಾಕಿದ ಹುಡುಗನೊಬ್ಬ ಬಂದು ಅಟ್ಟಕ್ಕೆಲ್ಲ ಔಷಧಿ ಇಟ್ಟು ಹೋಗುತ್ತಾನೆ. ಅವನೆದುರು ನಾವು ಇಲಿಯ ಹೆಸರನ್ನು ಗಟ್ಟಿಯಾಗಿಯೇ ಹೇಳುತ್ತೇವೆ, ಕೇಳಿಸಿಕೊಳ್ಳಲು ಮೇಲೆ ಯಾರೂ ಇಲ್ಲ. ಎಲ್ಲರಿಗೂ ಬೇರೆ ಬೇರೆ ತಟ್ಟೆ, ಬೇರೆ ಬೇರೆ ಹೊತ್ತಿನ ಊಟ. ಬಾಗಿಲ ಹತ್ತಿರ ಕೈಗೆ ಹಚ್ಚುವ ಸ್ಯಾನಿಟೈಸರ್ ಬಾಟಲಿ ಉಂಟು.

ಕಳೆದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಎಳೆಯ ಡಾಕ್ಟರೊಬ್ಬರು ಮಾಮೂಲಿ ಪ್ರಶ್ನೆಗಳ ನಡುವೆ ಕೇಳಿದರು, ಮನೆಯಲ್ಲಿ ಇಲಿ ಉಂಟಾ ಎಂದು. ಅಪ್ಪನ ಕಡೆ ನೋಡಿದೆ, ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಇಲ್ಲ ಡಾಕ್ಟ್ರೇ" ಎಂದೆ. "ನಮ್ಮ ಮನೆಯಲ್ಲಿ ಇಲಿ ಇಲ್ಲ."

ಈ ಸಲ ಅದು ನಿಜವೇ ಆಗಿತ್ತು.