ಮುನಿರತ್ನಮ್ಮ ತಿನ್ನದ ಏಟು

ದೇವರಾಯಸಮುದ್ರದ ಕೆರೆ ಏರಿ ಮೇಲೆ ನಮ್ಮ ಸಿನಿಮಾದ ಶೂಟಿಂಗ್ ನಡೆದಿತ್ತು. ನಾನು ಸಹಾಯಕ ನಿರ್ದೇಶಕಿ. ಅವತ್ತಿನ ದೃಶ್ಯದಲ್ಲಿ ಗಂಡ ಬೇರೊಬ್ಬಳ ಸಹವಾಸ ಮಾಡಿರುತ್ತಾನೆ. ಹೆಂಡತಿ ಕೇಳಿದ್ದಕ್ಕೆ ಅವಳ ಕೆನ್ನೆಗೆ ಬಾರಿಸುತ್ತಾನೆ, ಅವಳು ಅವನ ಕಾಲು ಹಿಡಿಯುತ್ತಾಳೆ. ಹೆಂಡತಿಯ ಪಾತ್ರಕ್ಕೆ ಅದೇ ಊರಿನಲ್ಲಿ ರೇಷ್ಮೆ ಸಾಕುವ ಮುನಿರತ್ನಮ್ಮನನ್ನು ನಾನೇ ಒಪ್ಪಿಸಿ ಕರೆತಂದಿದ್ದೆ.

ದೃಶ್ಯ ಕೇಳಿಸಿಕೊಂಡ ಆಯಮ್ಮ ನೇರವಾಗಿ ನಿರ್ದೇಶಕರನ್ನೇ ಕೇಳಿದರು: "ತಪ್ಪು ಮಾಡ್ದೋನು ಯಾರು ಸಾ?"

"ಗಂಡ."

"ಮತ್ತೆ ಏಟು ನಂಗ್ಯಾಕೆ? ಕಾಲು ಹಿಡಿಯೋಳೂ ನಾನೇನಾ?"

"ಇದು ಸಿನಿಮಾ ಕಣಮ್ಮ. ಹೆಂಗಸರು ಅಳ್ತಾರೆ, ಗಂಡಸರು ಶಿಳ್ಳೆ ಹೊಡೀತಾರೆ."

"ನನ್ ಮಗಳೂ ನೋಡ್ತಾಳೆ ಸಾ. ನಾನು ಮಾಡಲ್ಲ" ಎಂದವರೇ ಸೆರಗು ಸಿಕ್ಕಿಸಿಕೊಂಡು ಏರಿ ಇಳಿದು ಹೋದರು.

"ಆಯಮ್ಮ ಕೇಳಿದ್ದು ಸರಿ ಸರ್, ದೃಶ್ಯ ಬದಲಾಯಿಸೋಣ" ಅಂದೆ.

"ನೀನು ಕ್ಲಾಪ್ ಹೊಡಿ, ಸಾಕು" ಅಂದರು.

ಮಾರನೇ ದಿನ ಬೆಂಗಳೂರಿನಿಂದ ಬೇರೊಬ್ಬಳನ್ನು ಕರೆಸಿದರು. ನಾಯಕ ನಿಜವಾಗಿಯೇ ಹೊಡೆದ. ಐದು ಟೇಕ್ ಆಯಿತು. ಪ್ರತಿ ಸಲವೂ ಅವಳ ಕೆನ್ನೆಯ ಮೇಲೆ ಮೂಡಿದ ಬೆರಳ ಗುರುತಿಗೆ ಪೌಡರ್ ಬಳಿದರು. ನಾಚಿಕೆಗೇಡು, ಐದು ಸಲವೂ ಕ್ಲಾಪ್ ಹೊಡೆದವಳು ನಾನೇ.

ಈಗ ಪಕ್ಕದ ಮುಳಬಾಗಿಲಿನ ಗೋಡೆಗಳ ಮೇಲೆಲ್ಲ ಪೋಸ್ಟರು: "ಹೆಣ್ಣುಮಕ್ಕಳು ತಪ್ಪದೇ ನೋಡಬೇಕಾದ ಕುಟುಂಬ ಚಿತ್ರ."