ಆಯಾ ಅದ್ದಿದ ಹಣ್ಣು

ಇಲಕಲ್ಲ ಸೀರೆಯ ಕೆಳಗೆ ದೊರಸಾನಿಯ ಕಪ್ಪು ಬೂಟು. ಅದೂ ಕಾಲಿಗಿಂತ ಒಂದು ಬೆರಳು ದೊಡ್ಡದು. ಮುಂದೆ ಹಳೆಯ ಅರಿವೆ ತುರುಕಿ ಆಯಾ ಅದನ್ನು ಹಾಕಿಕೊಳ್ಳುತ್ತಿದ್ದಳು. ಸುರಪುರದ ನಮ್ಮ ಓಣಿಯ ಕಲ್ಲುಹಾಸಿನ ಮೇಲೆ ಅದು ಟಕ್ ಟಕ್ ಎಂದರೆ ಸಾಕು, ಅಜ್ಜಿ ಒಳಗಿನಿಂದಲೇ "ಬಂದ್ಲು ನೋಡು, ಲಾಟಸಾಹೇಬನ ಹೇಂತಿ" ಅನ್ನುತ್ತಿದ್ದಳು. ಹಿತ್ತಲ ಬಾಗಿಲಿಗೆ ಬಂದವಳೇ ಬೂಟು ಬಿಚ್ಚಿ, ಜೋಡಿಸಿ, ಗೋಡೆಗೆ ಒತ್ತಿ ಇಡುತ್ತಿದ್ದಳು. ಮುಂಬಾಗಿಲಿನಿಂದ ಅವಳು ಎಂದೂ ಬಂದವಳಲ್ಲ. ಬಾ ಎಂದು ನಾವೂ ಕರೆದವರಲ್ಲ.

ಊರೆಲ್ಲ ಅವಳನ್ನು ಆಯಾ ಅನ್ನುತ್ತಿತ್ತು. ಬೋನಾಳದ ಕೆರೆಯಲ್ಲಿ ಮೀನು ಹಿಡಿಯುವವರ ಮನೆಯ ಹೆಣ್ಣುಮಗಳು. ಗಂಡ ಸತ್ತ ವರ್ಷ ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ಯಾದಗಿರಿಯಲ್ಲಿ ರೈಲು ಹತ್ತಿ ಸಿಕಂದರಾಬಾದಿಗೆ ಹೋದಳಂತೆ. ಅಲ್ಲಿ ದಂಡಿನ ಒಬ್ಬ ಇಂಗ್ಲಿಷ್ ಸಾಹೇಬನ ಬಂಗಲೆಯಲ್ಲಿ ಮೊದಲು ಮಕ್ಕಳನ್ನು ಆಡಿಸಿ, ಆಮೇಲೆ ಅಡಿಗೆಮನೆ ಹಿಡಿದು, ಇಪ್ಪತ್ತು ವರ್ಷ ಕಳೆದಳು. ದೊಡ್ಡ ಯುದ್ಧ ಮುಗಿದ ಮೇಲೆ ಸಾಹೇಬನ ಕುಟುಂಬ ವಿಲಾಯತಿಗೆ ಹೊರಟಿತು. ಆಯಾ ಸುರಪುರಕ್ಕೆ ಬಂದು, ನಮ್ಮ ಹಿತ್ತಲ ಹಿಂದಿದ್ದ ಮಗಳ ಗುಡಿಸಲಲ್ಲಿ ಇರತೊಡಗಿದಳು. ನಮ್ಮಪ್ಪ ಊರ ಲೆಕ್ಕ ಬರೆಯುವ ಪಟ್ವಾರಿ. ನನಗೆ ಆಗ ಹದಿನೈದು. ಆಯಾ ನನ್ನ ಅವ್ವನಿಗಿಂತ ಹಿರಿಯಳು. ಆದರೂ ನಮ್ಮ ಮನೆಯಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಅವಳಿಗೆ ಬಾ, ಹೋಗು ಅನ್ನುತ್ತಿದ್ದೆವು. ಇವತ್ತು ಬರೆಯುವಾಗ ಬಹುವಚನ ಹಚ್ಚಿದರೆ ನಾನು ಒಳ್ಳೆಯವಳಾಗಿ ಕಾಣಬಹುದು, ಅಷ್ಟೇ. ಬೇಡ, ಇದ್ದದ್ದು ಇದ್ದ ಹಾಗೇ ಇರಲಿ.

ಆಯಾಳ ಬಾಯಿ ಮಾತ್ರ ಜೋರು. ಹುಣಸೆಹಣ್ಣು ಕುಟ್ಟಲು, ಶೇಂಗಾ ಸುಲಿಯಲು ಅವ್ವ ಅವಳನ್ನು ಕರೆಯುತ್ತಿದ್ದಳು. ಕೈ ಆಡುತ್ತಿರುವಾಗಲೇ ಸಿಕಂದರಾಬಾದಿನ ಕಥೆ ಶುರು. ದೊರಸಾನಿ ನಾಯಿಗೆ ಸ್ವೆಟರ್ ಹೆಣೆದದ್ದು, ಸಾಹೇಬ ಬದನೆಕಾಯಿ ಎಣ್ಣೆಗಾಯಿ ತಿಂದು ಕಣ್ಣೀರು ಸುರಿಸಿ ಮತ್ತೆ ಕೇಳಿದ್ದು. "ದೊರಿಗೋಳು ಅಂದ್ರ ಏನ್ ಮ್ಯಾಲಿಂದ ಉದುರ್ಯಾರೇನ್ರಿ? ಹಸದ್ರ ಅವರದೂ ನಮ್ಮಂಗ ಮಾರಿ ಸಣ್ಣ ಆಗ್ತೈತಿ" ಅನ್ನುತ್ತಿದ್ದಳು. ನಾನು ಬಾಯಿ ತೆರೆದು ಕೂತು ಕೇಳುತ್ತಿದ್ದೆ. ಅಜ್ಜಿಯೂ ಕೇಳುತ್ತಿದ್ದಳು, ಕೇಳದವಳಂತೆ ಬತ್ತಿ ಹೊಸೆಯುತ್ತ.

ದೊರಸಾನಿ ಹೋಗುವಾಗ ಕೊಟ್ಟ ಒಂದು ತಗಡಿನ ಡಬ್ಬಿ ಅವಳ ಹತ್ತಿರವಿತ್ತು. ಒಳಗೆ ಬೆಳ್ಳಿಕಾಗದ ಸುತ್ತಿದ ಕರ್ರಗಿನ ಗಟ್ಟಿ. ಚಾಕಲೇಟು. ನಮ್ಮ ಓಣಿಯಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ. ಅದನ್ನು ಬಿಸಿನೀರಿನ ಹಬೆಯ ಮೇಲೆ ಕರಗಿಸಿ, ಹಣ್ಣು ಅದ್ದಿ ತೆಗೆದರೆ ಮೇಲೆ ಹೊಳೆಯುವ ಸಿಪ್ಪೆ ಕಟ್ಟುತ್ತದಂತೆ; ಕಚ್ಚಿದರೆ ಟಪ್ ಅಂತ ಒಡೆದು ಒಳಗಿನ ರಸ ಬಾಯಿಗೆ ಬರುತ್ತದಂತೆ. ಗಟ್ಟಿ ಒಂದೇ ಇದ್ದುದರಿಂದ ನನಗೆ ಬೆಲ್ಲದ ಪಾಕದಲ್ಲಿ ಅದ್ದುವುದನ್ನು ತೋರಿಸಿಕೊಟ್ಟಳು. ಸಂತ್ರಿ ಅಂದರೆ ಕಿತ್ತಳೆ; ಅದರ ತೊಳೆಯನ್ನು ಪೊರೆ ಹರಿಯದಂತೆ ಬಿಡಿಸಬೇಕು. ತುದಿ ಹಿಡಿದು ಅದ್ದಬೇಕು, ಎತ್ತಬೇಕು, ಒಂದು ಸಲ ಝಾಡಿಸಬೇಕು. "ಬೆಲ್ಲ ಬಡವರ ಕೂಸು, ಹೆಂಗ್ ಮಾಡಿದ್ರೂ ತಡಕೋತೈತಿ. ಚಾಕ್ಲೇಟು ಹಂಗಲ್ರಿ ಸಣ್ಣವ್ವಾರ. ಅದಕ್ಕೂ ನೀರಿಗೂ ಹಾವು ಮುಂಗಲಿ ವೈರ. ಒಂದ ಹನಿ ಬಿದ್ರೂ ಮುಗೀತು, ಇಡೀ ಬೋಗುಣಿ ಮಣ್ಣು."

ಒಂದು ದಿನ ಚಾಕುವಿನಿಂದ ಉಗುರಿನಷ್ಟು ಕೆರೆದು ನನ್ನ ಅಂಗೈಗೆ ಹಾಕಿದಳು. ಹಿತ್ತಲ ಬೇವಿನ ಮರೆಯಲ್ಲಿ ನಿಂತು ತಿಂದೆ. ಮೊದಲು ಕಹಿ, ಆಮೇಲೆ ಏನೋ ಒಂದು, ಹೇಳಲು ಬಾರದ್ದು. ಅವಳ ಗುಡಿಸಲ ಕಡೆಯಿಂದ ಕಟ್ಟಿಗೆ ಬರಲಿ, ಕುಳ್ಳು ಬರಲಿ, ಕುಂಬಳಕಾಯಿ ಬರಲಿ, ನೀರು ಚಿಮುಕಿಸದೆ ಒಳಗೆ ತರಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಆ ಚೂರಿಗೆ ನಾನು ನೀರು ಚಿಮುಕಿಸಲಿಲ್ಲ. ನಾಲಗೆಗೆ ಬೇಕಾದಾಗ ಕಟ್ಟಳೆ ನೆನಪಾಗುವುದಿಲ್ಲ ನೋಡಿ.

ಆ ಚಳಿಗಾಲ ಸುರಪುರಕ್ಕೆ ಹೊಸ ತಹಸೀಲ್ದಾರರು ಬಂದರು. ಅವರ ಬೇಗಂ ಹೈದರಾಬಾದಿನವರು. ಇಲ್ಲಿಯ ಅಡಿಗೆಯವರು ಯಾರೂ ಮನಸ್ಸಿಗೆ ಬರುತ್ತಿಲ್ಲವೆಂದು ಸುದ್ದಿ. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಒಂದು ದಿನ ಅವರು ನಮ್ಮ ಮನೆಯ ಹೆಂಗಸರನ್ನು ನೋಡಲು ಬರುತ್ತಾರೆಂದು ಅಪ್ಪ ಹೇಳಿದ. ಕೇಳಿದ್ದೇ ಆಯಾ ಅವ್ವನ ಮುಂದೆ ಕೂತುಬಿಟ್ಟಳು.

"ಅವ್ವಾರ, ಅವತ್ತ ನಿಮ್ಮ ಅಂಗಳದಾಗ ನಂಗ ಒಂದು ಕೆಂಡದ ಶಿಗಡಿ ಇಡಾಕ ಬಿಡ್ರಿ. ಬೇಗಂ ಸಾಹೇಬ್ರ ಕಣ್ಣ ಮುಂದ ಹಣ್ಣ ಅದ್ದಿ ಕೊಡ್ತೀನಿ. ಒಮ್ಮಿ ತಿಂದ್ರ ನನ್ನ ಬಿಡಂಗಿಲ್ಲ ಅವರು. ಇಪ್ಪತ್ತು ವರ್ಷ ನೆಳ್ಳಾಗ ದುಡದ ಕೈ ಇವು. ಈಗ ಕುಡಗೋಲು ಹಿಡದ್ರ ಬೊಬ್ಬಿ ಏಳಾಕತ್ತಾವ. ಮಗಳ ಕೂಲಿ ಕೂಳು ಎಷ್ಟ್ ದಿನಾ ತಿನ್ಲಿ?"

ಅವ್ವ ಒಪ್ಪಿದಳು. ಡಬ್ಬಿಯಲ್ಲಿದ್ದದ್ದು ಅದೊಂದೇ ಗಟ್ಟಿ. ಅದನ್ನೆಲ್ಲ ಅವತ್ತಿಗೇ ಕರಗಿಸುವುದೆಂದು ಆಯಾ ನಿಶ್ಚಯ ಮಾಡಿದಳು. ಆ ನೌಕರಿ ಸಿಕ್ಕರೆ ಅವಳು ಮತ್ತೆ ಅಡಿಗೆಮನೆಯ ಒಡತಿ, ಇಲ್ಲವೆಂದರೆ ರಸ್ತೆಗೆ ಕಲ್ಲೊಡೆಯುವ ಕೂಲಿ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಹೇಳುವ ದಾರಿಯೇ ನನಗಿಲ್ಲ.

ಆ ಬೆಳಿಗ್ಗೆ ಬುಟ್ಟಿಯ ಮೇಲೆ ಬಿಳಿ ಅರಿವೆ ಮುಚ್ಚಿಕೊಂಡು ಬಂದಳು. ಸಂತ್ರಿ ತೊಳೆ, ಬಾರೆಹಣ್ಣು, ಅಂಜೂರ; ರಾತ್ರಿಯಿಡೀ ಅರಿವೆಯ ಮೇಲೆ ಹರವಿ ಆರಿಸಿ, ಒಂದೊಂದನ್ನೂ ಒರೆಸಿ ಇಟ್ಟಿದ್ದಳು. ನಾನು ಆಗತಾನೇ ಲೋಟ ತೊಳೆದು ಎದ್ದವಳು ಆಸೆಯಿಂದ ಬುಟ್ಟಿಗೆ ಕೈ ಚಾಚಿದೆ.

"ಏ ಸಣ್ಣವ್ವಾರ, ದೂರ ಸರೀರಿ! ಮುಟ್ಟಬ್ಯಾಡ್ರಿ!"

ಕೈ ಹಸಿಯಾಗಿದೆ ಎಂದು ಅವಳು ಹೇಳಿದ್ದು. ನನಗೂ ತಿಳಿಯಿತು. ಆದರೆ ಕಲಬುರ್ಗಿಯಿಂದ ಬಂದಿದ್ದ ಅತ್ತೆಯ ಮಗಳು ಪಡಸಾಲೆಯಲ್ಲಿ ಕಿಸಕ್ಕನೆ ನಕ್ಕಳು. "ಅಯ್ಯ, ಆಕಿ ನಿನಗ ಮುಟ್ಟಬ್ಯಾಡ ಅಂತಾಳಲ್ಲೇ! ಕಾಲ ಬಂತು ನೋಡು" ಅಂದಳು. ನನ್ನ ಮೈಯೆಲ್ಲ ಉರಿಯಿತು. ಆ ಮಾತು ನಾವು ಅವರಿಗೆ ಆಡುವ ಮಾತು. ಅದು ತಿರುಗಿ ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

ಆಯಾ ಕೆಂಡ ತರಲು ಹಿತ್ತಲಿಗೆ ಹೋದಳು. ಒಳಗಿನಿಂದ ಅಜ್ಜಿ ಕೂಗಿದಳು: "ಏನೇ, ಆ ಬುಟ್ಟಿಗೆ ನೀರ ಹೊಡದಿ ಏನು? ಹಂಗ ಬೆಳ್ಳಿ ತಾಟಿಗೆ ಹಾಕಿಗೀಕೀರಿ ಮತ್ತ!"

ಹ್ಞೂಂ, ಹೊಡೆದೀನಿ ಅಂದಿದ್ದರೆ ಮುಗಿಯುತ್ತಿತ್ತು. ಅಜ್ಜಿಗೆ ಅಂಥ ಸುಳ್ಳು ದಿನಕ್ಕೆ ಹತ್ತು ಹೇಳುತ್ತಿದ್ದೆ. ಅವತ್ತು ಹೇಳಲಿಲ್ಲ. ಅರಿವೆ ಸರಿಸಿ, ತಂಬಿಗೆಯಲ್ಲಿ ಬೆರಳು ಅದ್ದಿ, ಮೂರು ಸಲ ಚಿಮುಕಿಸಿದೆ. ಸಂತ್ರಿಯ ತೊಳೆಗಳ ಮೇಲೆ ಹನಿ ಕೂತದ್ದನ್ನು ಕಣ್ಣಾರೆ ನೋಡಿದೆ. ಮತ್ತೆ ಅರಿವೆ ಮುಚ್ಚಿದೆ. ಕಟ್ಟಳೆಗೆ ಮಾಡಿದೆನೆಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಟ್ಟೆಯುರಿಗೆ ಮಾಡಿದೆ.

ಬೇಗಂ ಬಂದರು. ಪಡಸಾಲೆಯಲ್ಲಿ ಜಮಖಾನದ ಮೇಲೆ ಕೂತರು, ಆಯಾ ಕೆಳಗೆ ಅಂಗಳದಲ್ಲಿ. ಬೋಗುಣಿಯಲ್ಲಿ ಚಾಕಲೇಟು ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಯೆಲ್ಲ ಪರಿಮಳ. ಬೇಗಂ "ಅರೆ ವಾಹ್!" ಎಂದು ಮುಂದೆ ಬಾಗಿದರು. ಆಯಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು; ಶಿಷ್ಯೆ ನೋಡಲಿ ಎಂದು. ನಾನು ಆಗಲೂ ಕೂಗಬಹುದಿತ್ತು. ಒಂದು ತೊಳೆ ಅದ್ದಿದಳು, ಎರಡು ಅದ್ದಿದಳು, ಒಂದು ಹಿಡಿ ಬಾರೆಹಣ್ಣು ಹಾಕಿದಳು. ನೋಡನೋಡುತ್ತ ಹೊಳಪು ಹೋಯಿತು. ಕರಗಿದ್ದು ಬಿಗಿದು, ರವೆ ರವೆಯಾಗಿ, ಮುದ್ದೆಯಾಗಿ ಚಮಚಕ್ಕೆ ಅಂಟಿತು. ಆಯಾ ತಿರುವಿದಳು. ಕೆಂಡ ಸರಿಸಿದಳು. ಮತ್ತೆ ತಿರುವಿದಳು. ಅವಳ ಹಣೆಯ ಮೇಲೆ ಬೆವರು ಮೂಡಿತು. ಅದು ಬೋಗುಣಿಗೆ ಬೀಳಬಾರದೆಂದು ತಲೆ ಹಿಂದಕ್ಕೆ ಎಳೆದುಕೊಂಡಳು. 

ಅತ್ತೆಯ ಮಗಳು "ಸಗಣಿ ಕಲಸಿದಂಗ ಆಗ್ಯದ" ಅಂದು ನಕ್ಕಳು. ಬೇಗಂ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು, "ಜಾನೇ ದೋ ಬುವಾ, ಜಾನೇ ದೋ" ಎಂದರು. ಒಳ್ಳೆಯವರು, ಬೈಯಲಿಲ್ಲ. ಬಿಡು ಎಂದರು, ಅಷ್ಟೇ. ಚಹಾ ಕುಡಿದು ಹೋದರು. ಎಂಟು ದಿನಕ್ಕೆ ಹೈದರಾಬಾದಿನಿಂದ ಅವರಿಗೆ ಬೇರೆ ಅಡಿಗೆಯವಳು ಬಂದಳು.

ಅಜ್ಜಿ ಆಯಾಗೆ "ಕೆರಿದಂಡಿ ಹೆಂಗಸಿಗೆ ವಿಲಾಯತಿ ಉಸಾಬರಿ ಯಾಕ ಬೇಕಿತ್ತ?" ಅಂದಳು. ಆಯಾ ಬೋಗುಣಿ ಎತ್ತಿಕೊಂಡು ನಿಂತಿದ್ದಳು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಅವ್ವನಿಗೆ, "ನಂದಽ ತಪ್ಪ್ರಿ. ನನ್ನ ಕೈಲೇ ಕೆಟ್ಟೈತಿ" ಅಂದಳು. ಅಷ್ಟು ಬಾಯಿಬಡಕಿ, ಅವತ್ತು ಅಷ್ಟೇ ಅಂದಳು.

ಆಮೇಲೆ ಅವಳು ಶಹಾಪುರದ ರಸ್ತೆಗೆ ಕಲ್ಲೊಡೆಯಲು ಹೋದಳು. ನಮ್ಮ ಮನೆಗೆ ಹುಣಸೆಹಣ್ಣು ಕುಟ್ಟಲು ಬರುತ್ತಿದ್ದಳು, ಆದರೆ ಸಿಕಂದರಾಬಾದಿನ ಕಥೆ ನಿಂತಿತು. ನಾನು ಕೇಳಲೂ ಇಲ್ಲ. ಆ ಒಂದು ನೋಟವನ್ನು ನಾನು ನನ್ನ ಅನುಕೂಲಕ್ಕೆ ತಕ್ಕಂತೆ ಅರ್ಥ ಮಾಡಿಕೊಂಡಿದ್ದೆ. ಆಯಾಗೆ ಗೊತ್ತಾಗಿದೆ, ಗೊತ್ತಿದ್ದೂ ನನ್ನನ್ನು ಉಳಿಸಿದಳು, ದೊಡ್ಡ ಮನಸ್ಸಿನವಳು, ಕ್ಷಮಿಸಿದ್ದಾಳೆ. ಹೀಗೆ ಅಂದುಕೊಂಡು ಮದುವೆಯಾಗಿ ಶಹಾಪುರಕ್ಕೆ ಹೋದೆ, ಮಕ್ಕಳನ್ನು ಹಡೆದೆ, ರಾತ್ರಿ ನಿದ್ದೆ ಮಾಡಿದೆ. ನಿಜಾಮರ ರಾಜ್ಯ ಹೋಯಿತು, ಅಪ್ಪನ ಪಟ್ವಾರಿಕಿಯೂ ಹೋಯಿತು. ಪಂಚಮಿಗೆ ತವರಿಗೆ ಬಂದಾಗ ಹಿತ್ತಲ ಗೋಡೆಯಾಚೆ ಆಯಾ ಕಂಡರೆ, ಒಳಗೆ ಏನೋ ಕೆಲಸ ನೆನಪಾದವಳಂತೆ ತಿರುಗಿಬಿಡುತ್ತಿದ್ದೆ.

ಒಂದು ಪಂಚಮಿಗೆ ಬಂದಾಗ ಅವ್ವ ಹೇಳಿದಳು, ಆಯಾ ತೀರಿಹೋಗಿ ತಿಂಗಳಾಯಿತೆಂದು. ಅವತ್ತು ಮೊದಲ ಸಲ ಹಿತ್ತಲ ಬಾಗಿಲು ದಾಟಿ ಆ ಗುಡಿಸಲಿಗೆ ಹೋದೆ. ಮಗಳು ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಎದ್ದು ಗೋಣಿಚೀಲ ಹಾಸಿದಳು. ಕೂತೆ. "ಆಯಾ ನಮ್ಮ ಮನ್ಯಾಗ ಒಮ್ಮೆ ಹಣ್ಣು ಅದ್ದಿದ್ಲು..." ಅಂದೆ.

"ಅದನ್ನ ಸಾಯೂತನಕ ಅಂತಿದ್ಲು ನೋಡ್ರಿ" ಎಂದಳು ಮಗಳು. "ಜ್ವರದಾಗ ಸೈತ ಅದಽ ಮಾತು. 'ಇಪ್ಪತ್ತು ವರ್ಷದಾಗ ಒಂದಿನ ಮರೀಲಾರದಾಕಿ, ಅವತ್ತ ಬೋಗುಣಿ ಒರಸೂದು ಹೆಂಗ ಮರತ್ನೆವ್ವಾ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಅಂತ. ಆಮ್ಯಾಲ ಆಕಿ ಒಲಿ ಮುಂದ ಕೂಡ್ಲೇ ಇಲ್ರಿ. ನನ್ನ ಕೈ ನಂಬೂಹಂಗಿಲ್ಲ, ನೀನಽ ಮಾಡು ಅಂತಿದ್ಲು. ರೊಟ್ಟಿ ಸೈತ ಬಡೀಲಿಲ್ಲ."

ಅವಳಿಗೆ ಗೊತ್ತೇ ಇರಲಿಲ್ಲ. ನನ್ನನ್ನು ಉಳಿಸಿರಲೂ ಇಲ್ಲ, ಕ್ಷಮಿಸಿರಲೂ ಇಲ್ಲ. ತನ್ನ ಕೈಯನ್ನೇ ಬೈದುಕೊಂಡು ಸತ್ತಿದ್ದಳು.

ನಾನು ಆ ಗೋಣಿಚೀಲದ ಮೇಲೆ ಕೂತೇ ಎಲ್ಲವನ್ನೂ ಹೇಳಿದೆ. ಬುಟ್ಟಿ, ತಂಬಿಗೆ, ಅಜ್ಜಿಯ ಕೂಗು, ನನ್ನ ಹೊಟ್ಟೆಯುರಿ. ಹೇಳುತ್ತಲೇ ಅತ್ತುಬಿಟ್ಟೆ. ಮಗಳು ಬೈಯಲಿಲ್ಲ, ಅಳಲೂ ಇಲ್ಲ. ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಆಮೇಲೆ ನಮ್ಮ ಹಿತ್ತಲ ಬಾಗಿಲ ಕಡೆ ನೋಡಿದಳು.

"ವರ್ಷಾ ವರ್ಷಾ ಪಂಚಮಿಗೆ ಬರ್ತಿದ್ರಿ ಅಲ್ಲೇನ್ರಿ ನೀವು?" ಎಂದಳು.

ಹ್ಞೂಂ ಎಂದೆ. ಆ ಬಾಗಿಲಿಂದ ಈ ಹೊಸ್ತಿಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ.